ಐದು ಬೋಲ್ಟಿನ ಲೆಕ್ಕ



ಬಳೆ ಅಂಗಡಿಗೆ ಹೋಗಿ ‘ಎರಡು ನಾಲ್ಕು ಕೊಡಿ’ ಎಂದೋ ‘ಎರಡು ಆರು ಕೊಡಿ’ ಎಂದೋ ಕೇಳಿದರೆ ಮುಗಿಯಿತು. ಅಂಗಡಿಯವರು ಕೈಯನ್ನೂ ನೋಡದೆ ಡಜನ್ ಕಟ್ಟಿಕೊಡುತ್ತಾರೆ. ಕಾರಿನ ಚಕ್ರವೂ ಹೀಗೆ ಒಂದೇ ಅಂಕಿಗೆ ಸಿಕ್ಕಿಬಿಡುತ್ತದೆ ಎಂದುಕೊಂಡವರು ಬಹಳ ಮಂದಿ. ‘17 ಇಂಚಿನ ಅಲಾಯ್ ಬೇಕು’ ಎನ್ನುತ್ತಾರೆ. ಆ 17 ಇಂಚು ಹೊಂದಬೇಕಾದ ಆರೇಳು ಅಳತೆಗಳಲ್ಲಿ ಒಂದು ಮಾತ್ರ, ಅದೂ ಎಲ್ಲಕ್ಕಿಂತ ಸುಲಭದ್ದು. ಕಾರ್ಖಾನೆಯಿಂದ ಬಂದಂತೆಯೇ ಇರುವ ಕಾರಾದರೆ ಉಳಿದದ್ದನ್ನು ಕಂಪನಿಯ ಪಟ್ಟಿ ಹೇಳುತ್ತದೆ. ಆದರೆ ಯಾರೋ ಒಬ್ಬರು ವೇಗದ ಆಸೆಗೆ ಬ್ರೇಕು, ಚಕ್ರ ಕೂರುವ ಹಬ್, ಸಸ್ಪೆನ್ಷನ್ ಎಲ್ಲ ಬದಲಾಯಿಸಿ, ಒಂದಷ್ಟು ಕಾಲ ಓಡಿಸಿ, ಇನ್ನೊಬ್ಬರಿಗೆ ಮಾರಿದ್ದಾರೆ ಎನ್ನಿ. ಕೊಂಡವರಿಗೆ ಚಕ್ರ ಬೇಕಾಗಿದೆ. ಆಗ ಪಟ್ಟಿ ಸುಳ್ಳು ಹೇಳಲು ಶುರು ಮಾಡುತ್ತದೆ.

ಮಾತು ಗಾಳಿಯಲ್ಲಿ ತೇಲುವುದು ಬೇಡ, ಒಂದು ಕಾರನ್ನು ಹಿಡಿದುಕೊಳ್ಳೋಣ. ಜಪಾನಿನ ಸುಬಾರು ಇಂಪ್ರೆಝಾ. ರ್‍ಯಾಲಿ ಪಂದ್ಯಗಳ ಗೀಳಿರುವವರಿಗೆ ಹೆಸರು ಕೇಳಿದೊಡನೆ ನೀಲಿ ಮೈ, ಚಿನ್ನದ ಬಣ್ಣದ ಚಕ್ರ ಕಣ್ಣ ಮುಂದೆ ಬರುತ್ತವೆ. 1995ರಲ್ಲಿ ಕಾಲಿನ್ ಮೆಕ್‌ರೇ, 2001ರಲ್ಲಿ ರಿಚರ್ಡ್ ಬರ್ನ್ಸ್, 2003ರಲ್ಲಿ ಪೆಟ್ಟರ್ ಸೋಲ್‌ಬರ್ಗ್ ವಿಶ್ವ ರ್‍ಯಾಲಿ ಚಾಂಪಿಯನ್ ಆದದ್ದು ಇದೇ ಕಾರಿನಲ್ಲಿ. ಇದರ ರಸ್ತೆ ಆವೃತ್ತಿಗಳಲ್ಲಿ ಹೆಸರಾದವು ಎರಡು: ಡಬ್ಲ್ಯುಆರ್‌ಎಕ್ಸ್, ಮತ್ತು ಅದಕ್ಕಿಂತ ಖಾರವಾದ ಎಸ್‌ಟಿಐ. ಅಮೆರಿಕದ ಮಾರುಕಟ್ಟೆಗೆ ಮೊದಲನೆಯದು 2002ರ ಮಾಡೆಲ್ ಆಗಿ, ಎರಡನೆಯದು 2004ರ ಮಾಡೆಲ್ ಆಗಿ ಬಂದವು.

ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುವುದರಿಂದ ಹಿಮ ಬೀಳುವ ರಾಜ್ಯಗಳಲ್ಲಿ ಸುಬಾರು ಎಂದರೆ ಜನಕ್ಕೆ ಅಚ್ಚುಮೆಚ್ಚು. ಕೊಲರಾಡೊ, ವರ್ಮಾಂಟ್, ವಾಷಿಂಗ್ಟನ್ ಕಡೆ ಎಲ್ಲಿ ನೋಡಿದರೂ ಅದೇ. ಅಲ್ಲಿ ಕೆಲಸಕ್ಕೆ ಹೋದ ನಮ್ಮ ಹುಡುಗರಲ್ಲೂ ಕೆಲವರು ಹಳೆಯ ಡಬ್ಲ್ಯುಆರ್‌ಎಕ್ಸ್ ಕೊಂಡು ಭಾನುವಾರಗಳನ್ನು ಅದರಡಿಯಲ್ಲೇ ಕಳೆಯುತ್ತಾರೆ. ಅಲ್ಲಿಯ ರಸ್ತೆಗಳೇನು ಬೆಣ್ಣೆಯಲ್ಲ. ಚಳಿಗಾಲದಲ್ಲಿ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಬಿಸಿಲಿಗೆ ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ; ಡಾಂಬರಿನ ಅಡಿ ಪೊಳ್ಳಾಗಿ ಕುಸಿಯುತ್ತದೆ. ಮಾರ್ಚ್ ತಿಂಗಳ ಆ ಗುಂಡಿಗಳನ್ನು ಕಂಡ ಬೆಂಗಳೂರಿನವರಿಗೆ ತವರಿನ ನೆನಪು ಬಾರದಿರದು. 225/45 ಅಳತೆಯ ಟೈರಿನ ಗೋಡೆಯ ಎತ್ತರ ಹತ್ತು ಸೆಂಟಿಮೀಟರ್ ಅಷ್ಟೇ. ಗುಂಡಿಗೆ ಬಿದ್ದಾಗ ಟೈರು ಅಪ್ಪಚ್ಚಿಯಾಗಿ, ಏಟು ನೇರ ರಿಮ್ಮಿಗೆ ಬೀಳುತ್ತದೆ. ಒಂದು ಚಕ್ರ ಸೊಟ್ಟಗಾಯಿತು, ಇನ್ನೊಂದು ಬೇಕು. ಹುಡುಕಾಟ ಇಲ್ಲಿಂದ ಶುರು.

ಮೊದಲ ಅಳತೆ ಬೋಲ್ಟುಗಳದ್ದು. ಐದು ಬೋಲ್ಟುಗಳ ಕೇಂದ್ರಗಳನ್ನು ಸೇರಿಸಿ ಒಂದು ವೃತ್ತ ಎಳೆದರೆ ಅದರ ವ್ಯಾಸವೇ ಪಿಸಿಡಿ. 2004ರ ತನಕ ಇಂಪ್ರೆಝಾದ ಎರಡೂ ಆವೃತ್ತಿಗಳಲ್ಲಿ ಅದು 100 ಮಿಲಿಮೀಟರ್. 2005ರ ಎಸ್‌ಟಿಐಗೆ ಹಬ್, ಬೇರಿಂಗು ಗಟ್ಟಿಯಾದವು, ಪಿಸಿಡಿ 114.3 ಆಯಿತು. ಈ ವಿಚಿತ್ರ ದಶಾಂಶಕ್ಕೆ ಕಾರಣ ಸರಳ, ಅದು ಸರಿಯಾಗಿ ನಾಲ್ಕೂವರೆ ಇಂಚು. ಆದರೆ ತಮ್ಮನಾದ ಡಬ್ಲ್ಯುಆರ್‌ಎಕ್ಸ್ ಮಾತ್ರ 2014ರ ಮಾಡೆಲ್ ತನಕ 100ರಲ್ಲೇ ಉಳಿಯಿತು. 2015ರಲ್ಲಿ ಅದೂ 114.3ಕ್ಕೆ ಬಂತು. ಇಷ್ಟಾದ ಮೇಲೆ 100ರ ಕಾಲ ಮುಗಿಯಿತು ಎನ್ನೋಣವೇ? ಇಲ್ಲ. ಅಷ್ಟರಲ್ಲಿ, 2012ರಲ್ಲೇ, ಟೊಯೊಟಾ ಜತೆ ಸೇರಿ ಮಾಡಿದ ಬಿಆರ್‌ಝಡ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿಗೆ ಸುಬಾರು ಮತ್ತೆ 100ನ್ನೇ ಇಟ್ಟಿತ್ತು. ಹಳೆಯ ಡಬ್ಲ್ಯುಆರ್‌ಎಕ್ಸ್ ಇಟ್ಟುಕೊಂಡವರಿಗೆ ಅದೊಂದು ಬಯಸದೆ ಬಂದ ಭಾಗ್ಯ. ಒಣಗುತ್ತಿದ್ದ ಆ ಅಳತೆಯ ಚಕ್ರಗಳ ಮಾರುಕಟ್ಟೆಗೆ ಹೊಸ ನೀರು ಬಂತು.

ಈಗ ಮಾರ್ಪಾಡಿನ ಕತೆಗೆ ಬರೋಣ. ಡಬ್ಲ್ಯುಆರ್‌ಎಕ್ಸ್ ಕೊಂಡವರು ಮೊದಲು ಆಸೆಪಡುವುದು ಎಸ್‌ಟಿಐನ ಬ್ರೆಂಬೊ ಕಂಪನಿಯ ಬ್ರೇಕಿಗೆ. ಅಪಘಾತದಲ್ಲಿ ಜಜ್ಜಿಹೋದ ಎಸ್‌ಟಿಐ ಗುಜರಿಯಲ್ಲಿ ಸಿಕ್ಕರೆ ಹಬ್ಬ. ಒಬ್ಬರು 2005ರ ನಂತರದ ಕಾರಿನ ಬ್ರೇಕನ್ನು ಹಬ್ ಸಮೇತ ಎತ್ತಿ ತಂದು ತಮ್ಮ 2002ರ ಕಾರಿಗೆ ಜೋಡಿಸುತ್ತಾರೆ. ಕಾಗದದಲ್ಲಿ ಅದು 100ರ ಕಾರು, ಲೋಹದಲ್ಲಿ 114.3. ಇನ್ನೊಬ್ಬರು ಅದೇ ಬ್ರೇಕನ್ನು 2004ರ ಎಸ್‌ಟಿಐನಿಂದ ತರುತ್ತಾರೆ. ಆ ವರ್ಷದ ಬ್ರೆಂಬೊ ಡಿಸ್ಕುಗಳು 100ರವು, ಹಾಗಾಗಿ ಹಬ್ ಬದಲಾಯಿಸುವ ಪ್ರಮೇಯವೇ ಇಲ್ಲ. ಎರಡೂ ಕಾರುಗಳನ್ನು ಪಕ್ಕಪಕ್ಕ ನಿಲ್ಲಿಸಿ, ಚಕ್ರದ ಕಡ್ಡಿಗಳ ನಡುವೆ ಇಣುಕಿದರೆ ಕಾಣುವುದು ಒಂದೇ, ಡಿಸ್ಕನ್ನು ಹಿಡಿದಿರುವ ಚಿನ್ನದ ಬಣ್ಣದ ದೊಡ್ಡ ಕ್ಯಾಲಿಪರ್. ‘ಬ್ರೆಂಬೊ ಇದೆ, ಹಾಗಾದರೆ 114.3’ ಎಂದು ಚಕ್ರ ತರಿಸಿದವರು ಅರ್ಧದಷ್ಟು ಸಲ ವಾಪಸು ಕಳಿಸುವ ಸಾಗಣೆ ವೆಚ್ಚ ಕೊಡಬೇಕಾಗುತ್ತದೆ.

ಆದ್ದರಿಂದ ಚಕ್ರ ಬಿಚ್ಚಿ, ಅಳೆಯಿರಿ. ನಾಲ್ಕು ಬೋಲ್ಟಿನ ಹಬ್ ಆದರೆ ಎದುರುಬದುರು ಇರುವ ಎರಡರ ನಡುವೆ ಅಳೆದರೆ ಆಯಿತು. ಐದರಲ್ಲಿ ಯಾವುದಕ್ಕೂ ನೇರ ಎದುರು ಇನ್ನೊಂದಿಲ್ಲ. ಅದಕ್ಕೊಂದು ಉಪಾಯವಿದೆ. ಅಕ್ಕಪಕ್ಕದ ಎರಡು ಸ್ಟಡ್, ಅಂದರೆ ಹಬ್ಬಿನಿಂದ ಚಾಚಿದ ಬೋಲ್ಟು, ತೆಗೆದುಕೊಳ್ಳಿ. ಒಂದರ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ವರ್ನಿಯರ್ ಹಿಡಿಯಿರಿ; ಅದು ಕೇಂದ್ರದಿಂದ ಕೇಂದ್ರಕ್ಕೆ ಇರುವ ದೂರವೇ ಆಗಿರುತ್ತದೆ. ಬಂದ ಅಂಕಿಯನ್ನು 1.701ರಿಂದ ಗುಣಿಸಿದರೆ ಪಿಸಿಡಿ. 58.8 ಮಿ.ಮೀ. ಬಂದರೆ 100, 67.2 ಬಂದರೆ 114.3. ಇಷ್ಟು ವ್ಯತ್ಯಾಸವನ್ನು ಶಾಲೆಯ ಸ್ಕೇಲಿನಲ್ಲೂ ಹಿಡಿಯಬಹುದು. ಕಷ್ಟ ಬರುವುದು 112ರ ಚಕ್ರ ಎದುರಾದಾಗ. ಜರ್ಮನ್ ಕಾರುಗಳಲ್ಲಿ ಅದು ಬಹಳ. ಅದಕ್ಕೂ 114.3ಕ್ಕೂ ಅಕ್ಕಪಕ್ಕದ ಬೋಲ್ಟುಗಳ ಅಂತರದಲ್ಲಿ ಒಂದೂವರೆ ಮಿಲಿಮೀಟರಿನಷ್ಟೂ ಫರಕಿಲ್ಲ. ಒತ್ತಿ ತಿರುಗಿಸಿದರೆ ನಟ್ ಹತ್ತಿದಂತೆಯೇ ಕಾಣುತ್ತದೆ. ಆದರೆ ಪ್ರತಿ ಸ್ಟಡ್ಡೂ ಸ್ವಲ್ಪ ಬಾಗಿ ನಿಂತಿರುತ್ತದೆ, ಚಕ್ರ ಒಂದೊಂದು ಸುತ್ತು ತಿರುಗಿದಾಗಲೂ ಆ ಲೋಹ ದಣಿಯುತ್ತದೆ. ‘ಸ್ವಲ್ಪ ತೂತು ಕೊರೆದುಕೊಡುತ್ತೇನೆ, ಕೂರುತ್ತೆ ಬಿಡಿ ಸಾರ್’ ಎನ್ನುವ ಧೈರ್ಯವಂತರು ಎಲ್ಲ ಊರಿನಲ್ಲೂ ಇದ್ದಾರೆ. ಅಂಥವರ ಅಂಗಡಿಯಿಂದ ನಾನು ಚಹಾ ಕುಡಿದು ಎದ್ದು ಬರುತ್ತೇನೆ.

ನಡುವಿನ ದೊಡ್ಡ ತೂತು, ಅಂದರೆ ಸೆಂಟರ್ ಬೋರ್, ಸುಬಾರುವಿನಲ್ಲಿ 56.1 ಮಿ.ಮೀ. ಇದು ಪಿಸಿಡಿ ಬದಲಾದಾಗಲೂ ಬದಲಾಗಲಿಲ್ಲ. ಬೇರೆ ಕಂಪನಿಯ ಚಕ್ರಗಳಲ್ಲಿ ಈ ತೂತು ಸಾಮಾನ್ಯವಾಗಿ ದೊಡ್ಡದು, ಹೋಂಡಾದಲ್ಲಿ 64.1, ನಿಸಾನಿನಲ್ಲಿ 66.1, ಮಿತ್ಸುಬಿಷಿಯಲ್ಲಿ 67.1. ದೊಡ್ಡ ತೂತಿನ ಚಕ್ರವನ್ನು ಚಿಕ್ಕ ಹಬ್ಬಿಗೆ ಉಂಗುರ ಹಾಕಿ ಕೂರಿಸಬಹುದು, ಅದರಲ್ಲಿ ತಪ್ಪೇನಿಲ್ಲ. ಉಂಗುರವಿಲ್ಲದೆ ಹಾಕಿದರೆ ಚಕ್ರ ಸರಿಯಾಗಿ ನಡುವಿಗೆ ಬರದೆ, ವೇಗ ಏರಿದಂತೆ ಸ್ಟೀರಿಂಗ್ ಗಡಗಡ ಎನ್ನುತ್ತದೆ. ಮಾಲೀಕರು ಬ್ಯಾಲೆನ್ಸಿಂಗ್ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ.

ಇನ್ನು ಆಫ್‌ಸೆಟ್. ಬಾನುಲಿಯಲ್ಲಿ ಚಿತ್ರ ಬರೆದು ತೋರಿಸುವ ಹಾಗಿಲ್ಲವಲ್ಲ, ಆದ್ದರಿಂದ ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳಿ. ಚಕ್ರವನ್ನು ನೆಲಕ್ಕೆ ನಿಲ್ಲಿಸಿ, ಅದರ ಅಗಲದ ಸರಿಯಾಗಿ ನಡುವೆ ಒಂದು ಗೆರೆ ಎಳೆದಿದ್ದೀರಿ. ಹಬ್ಬಿಗೆ ಅಂಟಿ ಕೂರುವ ಮುಖ ಆ ಗೆರೆಯ ಮೇಲೆಯೇ ಇದ್ದರೆ ಆಫ್‌ಸೆಟ್ ಸೊನ್ನೆ. ಮುಖ ಗೆರೆಗಿಂತ ಹೊರಗೆ, ರಸ್ತೆಯಲ್ಲಿ ನಿಂತು ನೋಡುವವರ ಕಡೆಗೆ ಇದ್ದರೆ, ಎಷ್ಟು ಮಿಲಿಮೀಟರ್ ಹೊರಗಿದೆಯೋ ಅಷ್ಟು ಪ್ಲಸ್. ಈ ಸಂಖ್ಯೆ ಹೆಚ್ಚಿದಷ್ಟೂ ಚಕ್ರ ಕಾರಿನ ಒಳಕ್ಕೆ ಹೋಗುತ್ತದೆ, ಇಳಿದಷ್ಟೂ ಹೊರಕ್ಕೆ ಬರುತ್ತದೆ. 2005ರ ಎಸ್‌ಟಿಐನ ಚಕ್ರ 17 ಇಂಚು ವ್ಯಾಸ, 8 ಇಂಚು ಅಗಲ, ಆಫ್‌ಸೆಟ್ 53. ಅಂದರೆ ಸಾಕಷ್ಟು ಒಳಸರಿದ ಚಕ್ರ.

ಮಾರ್ಪಾಡಿನವರಿಗೆ ಅಗಲ ಬೇಕು. 8 ಇಂಚಿನ ಜಾಗಕ್ಕೆ ಎಂಟೂವರೆ ಇಂಚಿನ, 48 ಆಫ್‌ಸೆಟ್ಟಿನ ಚಕ್ರ ಬಂತು ಎನ್ನಿ. ಅರ್ಧ ಇಂಚು ಹೆಚ್ಚಿದೆ, ಅದರಲ್ಲಿ ಅರ್ಧರ್ಧ ಎರಡೂ ಕಡೆಗೆ ಹಂಚಿದರೆ 6.35 ಮಿ.ಮೀ.; ಆಫ್‌ಸೆಟ್ 5 ಕಡಿಮೆಯಾದ್ದರಿಂದ ಇಡೀ ಚಕ್ರ 5 ಮಿ.ಮೀ. ಹೊರಕ್ಕೆ ಸರಿಯಿತು. ಲೆಕ್ಕ ಮುಗಿಸಿದರೆ ಒಳಗಡೆ ಒಂದೂಕಾಲು ಮಿಲಿಮೀಟರ್ ಚಿಲ್ಲರೆ, ಹೊರಗಡೆ 11 ಚಿಲ್ಲರೆ ಹೆಚ್ಚು ಜಾಗ ಬೇಕು. ಹೊರಗಡೆ ತಪ್ಪಿದರೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ, ಸದ್ದು ಕೇಳುತ್ತದೆ, ಬಣ್ಣ ಹೋಗುತ್ತದೆ, ಹೇಗೋ ಗೊತ್ತಾಗುತ್ತದೆ. ಒಳಗಡೆ ತಪ್ಪಿದರೆ ಮಾತ್ರ ಅಪಾಯ ಗುಟ್ಟಾಗಿ ಬೆಳೆಯುತ್ತದೆ. ಆ ಪೀಳಿಗೆಯ ಇಂಪ್ರೆಝಾದಲ್ಲಿ ನಾಲ್ಕೂ ಮೂಲೆಗೆ ಸ್ಟ್ರಟ್ ಎಂಬ ಸಸ್ಪೆನ್ಷನ್ ಕಂಬ ಇದೆ, ಅದರ ಸ್ಪ್ರಿಂಗ್ ಕೂರುವ ತಟ್ಟೆ ಟೈರಿನ ಭುಜದ ಹತ್ತಿರಕ್ಕೇ ಬರುತ್ತದೆ. ಟೈರಿನ ಒಳಗೋಡೆ ಅದಕ್ಕೆ ಸವೆಯುತ್ತಾ ಹೋದರೆ ಹೊರಗೆ ನಿಂತವರಿಗೆ ಕಾಣದು. ಇನ್ನೊಂದು ಸಂಗತಿ: ಹಿಂದಿನ ಮಾಲೀಕರು ಕಾಯಿಲ್ ಓವರ್ ಸಸ್ಪೆನ್ಷನ್ ಹಾಕಿಸಿದ್ದರೆ ಅದರ ಸ್ಪ್ರಿಂಗ್ ಸಪೂರ, ಆಗ ಒಳಗೆ ಜಾಗ ಜಾಸ್ತಿ. ಪಕ್ಕದ ಮನೆಯವರ ಡಬ್ಲ್ಯುಆರ್‌ಎಕ್ಸಿಗೆ ಹೊಂದಿದ ಚಕ್ರ ನಿಮ್ಮದಕ್ಕೆ ಹೊಂದಲೇಬೇಕು ಎಂದೇನಿಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ರಿಮ್ಮಿನ ಅಗಲ ಅಳೆಯುವಾಗಲೂ ಜನ ಎಡವುತ್ತಾರೆ. 8 ಇಂಚು ಎನ್ನುವುದು ಟೈರಿನ ಅಂಚು ಕೂರುವ ಒಳಜಾಗದ ಅಳತೆ. ತುಟಿಯಿಂದ ತುಟಿಗೆ ಟೇಪು ಹಿಡಿದರೆ ಸುಮಾರು 9 ಇಂಚು ಬರುತ್ತದೆ. ಸೆಕೆಂಡ್ ಹ್ಯಾಂಡ್ ಮಾರುವವರು ಹೇಳುವ ‘9 ಇಂಚು’ ಎಷ್ಟೋ ಸಲ ಎಂಟೇ. ಅದಕ್ಕೇ ಚಕ್ರ ಮಗುಚಿ ಹಾಕಿ, ಕಡ್ಡಿಗಳ ಬೆನ್ನು ನೋಡಿ. ವ್ಯಾಸ, ಅಗಲ, ಆಫ್‌ಸೆಟ್ ಅಲ್ಲಿ ಎರಕದಲ್ಲೇ ಮೂಡಿರುತ್ತವೆ. ಜಪಾನಿನ ಚಕ್ರವಾದರೆ ಜೆಡಬ್ಲ್ಯುಎಲ್ ಎಂಬ ಗುರುತು, ಅದರ ಜತೆ ಬೇರೆಯವರು ಪರೀಕ್ಷಿಸಿ ನೋಂದಾಯಿಸಿದ್ದಕ್ಕೆ ವಿಐಎ ಎಂಬ ಗುರುತು. ಚಕ್ರ ಹೊರಬಲ್ಲ ತೂಕವನ್ನೂ ಹಲವರು ಅಲ್ಲೇ ಕೊಟ್ಟಿರುತ್ತಾರೆ. ಬೆನ್ನು ಬೋಳಾಗಿದ್ದರೆ, ಮುಂದೆ ಎಷ್ಟೇ ದೊಡ್ಡ ಹೆಸರಿನ ಬಿಲ್ಲೆ ಹೊಳೆಯುತ್ತಿದ್ದರೂ ಕೈ ಮುಗಿದುಬಿಡಿ.

ಅಳತೆಯೆಲ್ಲ ಹೊಂದಿತು, ಆದರೂ ಚಕ್ರ ಕೂರಲಿಲ್ಲ ಎನ್ನುವ ಸಂದರ್ಭ ಬ್ರೆಂಬೊದಿಂದ ಬರುತ್ತದೆ. ಎಸ್‌ಟಿಐನ ಮುಂದಿನ ಡಿಸ್ಕಿನ ವ್ಯಾಸ 326 ಮಿ.ಮೀ., ಅದನ್ನು ಅಪ್ಪಿಕೊಂಡ ಕ್ಯಾಲಿಪರಿನಲ್ಲಿ ನಾಲ್ಕು ಪಿಸ್ಟನ್. ಇದಕ್ಕೆ 17 ಇಂಚಿಗಿಂತ ಚಿಕ್ಕ ಚಕ್ರ ಸಾಮಾನ್ಯವಾಗಿ ಆಗದು, 17ರಲ್ಲೂ ಎಲ್ಲವೂ ಆಗವು. ಕ್ಯಾಲಿಪರ್ ಎರಡು ಕಡೆ ತಾಗಬಹುದು. ರಿಮ್ಮಿನ ಒಳಗೋಡೆಗೆ ತಾಗುವುದು ಒಂದು, ಕಡ್ಡಿಗಳ ಬೆನ್ನಿಗೆ ತಾಗುವುದು ಇನ್ನೊಂದು. ಎರಡನೆಯದನ್ನು ಯಾವ ಅಂಕಿಯೂ ಹೇಳುವುದಿಲ್ಲ. ಒಂದೇ ಅಗಲ, ಒಂದೇ ಆಫ್‌ಸೆಟ್ ಇರುವ ಎರಡು ಚಕ್ರಗಳಲ್ಲಿ ಒಂದರ ಕಡ್ಡಿ ಹೊರಕ್ಕೆ ಬಾಗಿ ದಾರಿ ಬಿಟ್ಟೀತು, ಇನ್ನೊಂದರದ್ದು ನೇರ ನಿಂತು ಅಡ್ಡ ಬಂದೀತು. ಬ್ರೇಕ್ ತಯಾರಕರು ಇದಕ್ಕಾಗಿಯೇ ಕ್ಯಾಲಿಪರಿನ ಆಕಾರದ ನಕ್ಷೆ ಕೊಡುತ್ತಾರೆ. ಅದನ್ನು ನಿಜ ಅಳತೆಯಲ್ಲಿ ಮುದ್ರಿಸಿ, ರಟ್ಟಿಗೆ ಅಂಟಿಸಿ ಕತ್ತರಿಸಿ, ಚಕ್ರದ ಒಳಗಿಟ್ಟು ಒಂದು ಸುತ್ತು ತಿರುಗಿಸಿದರೆ ಚಕ್ರ ಕೊಳ್ಳುವ ಮುನ್ನವೇ ಉತ್ತರ ಸಿಗುತ್ತದೆ. ಎಲ್ಲ ಕಡೆ 3 ಮಿ.ಮೀ. ಸಂದು ಉಳಿದರೆ ನನಗೆ ನೆಮ್ಮದಿ.

ಇಲ್ಲೊಂದು ತಮಾಷೆಯ ಸಂಗತಿ. ರ್‍ಯಾಲಿಯಲ್ಲಿ ಸುಬಾರುವಿನ ಹಾವು-ಮುಂಗುಸಿ ಜೋಡಿ ಮಿತ್ಸುಬಿಷಿಯ ಲ್ಯಾನ್ಸರ್ ಎವೊಲ್ಯೂಷನ್. ಎರಡೂ ಕಾರಿಗೆ ಬ್ರೆಂಬೊ ಬ್ರೇಕ್, 2005ರಿಂದ ಎರಡಕ್ಕೂ 114.3. ಎಂಟನೆಯ ಎವೊಲ್ಯೂಷನ್ನಿನ ಚಕ್ರ 17 ಇಂಚು, 8 ಅಗಲ, ಆಫ್‌ಸೆಟ್ 38. ನಡುವಿಗೆ ಉಂಗುರ ಹಾಕಿ ಅದನ್ನು ಎಸ್‌ಟಿಐಗೆ ಕೂರಿಸುವವರಿದ್ದಾರೆ, ಚಕ್ರ 15 ಮಿ.ಮೀ. ಹೊರಗೆ ಬರುತ್ತದೆ ಎಂಬುದೊಂದೇ ಬೆಲೆ. ಎರಡು ಬಣಗಳ ಅಭಿಮಾನಿಗಳು ಜಗಳವಾಡುತ್ತಲೇ ಪರಸ್ಪರ ಚಕ್ರ ಮಾರಿಕೊಳ್ಳುತ್ತಾರೆ.

100ರ ಹಬ್ಬಿಗೆ 114.3ರ ಚಕ್ರ ಹಾಕಲು ಅಡಾಪ್ಟರ್ ಎಂಬ ದಪ್ಪ ಬಿಲ್ಲೆಯೂ ಸಿಗುತ್ತದೆ. ಒಂದು ಮುಖ ಹಬ್ಬಿಗೆ, ಇನ್ನೊಂದು ಮುಖ ಚಕ್ರಕ್ಕೆ. ಅದರ ದಪ್ಪ 25 ಮಿ.ಮೀ. ಇದ್ದರೆ 53 ಆಫ್‌ಸೆಟ್ಟಿನ ಚಕ್ರ 28ರದ್ದರಂತೆ ಹೊರಗೆ ನಿಲ್ಲುತ್ತದೆ, ಬೇರಿಂಗಿನ ಮೇಲಿನ ಸನ್ನೆಯ ಭಾರ ಹೆಚ್ಚುತ್ತದೆ, ಬಿಗಿಯಬೇಕಾದ ನಟ್ಟುಗಳು ಎರಡು ಪಟ್ಟಾಗುತ್ತವೆ. ಒಳಗಿನ ಐದು ನಟ್ ಸಡಿಲವಾದರೆ ಚಕ್ರ ಬಿಚ್ಚದ ಹೊರತು ತಿಳಿಯದು. ಒಳ್ಳೆಯ ಅಡಾಪ್ಟರುಗಳೂ ಇವೆ ಎಂದು ವಾದಿಸುವವರಿಗೆ ನಾನು ಅಡ್ಡಿ ಬರುವುದಿಲ್ಲ, ನನ್ನ ಮನೆಯ ಕಾರಿಗೆ ಹಾಕಿಸುವುದೂ ಇಲ್ಲ.

ನಾಲ್ಕು ಚಕ್ರ ಚಾಲನೆಯ ಕಾರಿಗೆ ಒಂದೇ ಒಂದು ಚಕ್ರ ಬದಲಾಯಿಸುವಾಗ ಟೈರಿನ ಪ್ರಶ್ನೆಯೂ ಏಳುತ್ತದೆ. ನಾಲ್ಕು ಟೈರುಗಳ ಸುತ್ತಳತೆಯಲ್ಲಿ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು ಎನ್ನುತ್ತದೆ ಸುಬಾರು. ಕಾಲು ಇಂಚೆಂದರೆ ಸವಕಳಿಯಲ್ಲಿ ಬರೀ ಒಂದು ಮಿಲಿಮೀಟರ್. ಮೂರು ಟೈರು ಅರ್ಧ ಸವೆದಿದ್ದು, ನಾಲ್ಕನೆಯದು ಹೊಚ್ಚ ಹೊಸದಾದರೆ ಈ ಮಿತಿ ದಾಟುವುದು ಖಂಡಿತ. ಆಗ ಹಿಂದು ಮುಂದಿನ ಚಕ್ರಗಳ ನಡುವಿನ ಸೆಂಟರ್ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ದುಡಿದು ಬಿಸಿಯಾಗುತ್ತದೆ. ಹೀಗಾಗಿ ಒಂದು ರಿಮ್ ಹುಡುಕಲು ಹೊರಟವರು ನಾಲ್ಕು ಟೈರಿನ ಬಿಲ್ಲು ಹಿಡಿದು ಮನೆಗೆ ಬರುವುದುಂಟು.

ಸೊಟ್ಟಗಾದದ್ದನ್ನೇ ರಿಪೇರಿ ಮಾಡಿಸಬಾರದೇ ಎಂದು ನೀವು ಕೇಳಬಹುದು. ಒಳಗಿನ ತುಟಿ ಸ್ವಲ್ಪ ಬಾಗಿದ್ದರೆ ಬೆಂಡ್ ತೆಗೆಸಬಹುದು. ಬಿರುಕು ಬಿಟ್ಟಿದ್ದರೆ, ಅದೂ ಕಡ್ಡಿಯಲ್ಲೋ ಬೋಲ್ಟಿನ ತೂತಿನ ಸುತ್ತಲೋ ಇದ್ದರೆ, ವೆಲ್ಡಿಂಗ್ ಮಾತೇ ಬೇಡ.

ಈ ಸುಬಾರು ಪುರಾಣ ನಮಗೇಕೆ ಎನ್ನುವವರಿಗೆ ಒಂದು ಮಾತು. ಸುಬಾರು ತನ್ನ ಹೆಸರಿನಲ್ಲಿ ನಮ್ಮ ದೇಶಕ್ಕೆ ಬರಲಿಲ್ಲ, ವೇಷ ಮರೆಸಿಕೊಂಡು ಬಂತು. ಈ ಶತಮಾನದ ಮೊದಲ ದಶಕದಲ್ಲಿ ಇಲ್ಲಿ ಮಾರಾಟವಾದ ಶೆವ್ರೊಲೆ ಫಾರೆಸ್ಟರ್ ನಿಜಕ್ಕೂ ಸುಬಾರು ಫಾರೆಸ್ಟರ್. ಸುಬಾರು ತಯಾರಿಸುತ್ತಿದ್ದ ಫ್ಯೂಜಿ ಹೆವಿ ಇಂಡಸ್ಟ್ರೀಸ್‌ನಲ್ಲಿ ಜನರಲ್ ಮೋಟರ್ಸ್‌ಗೆ ಆಗ ಪಾಲಿತ್ತು. 2017ರ ಕೊನೆಗೆ ಜನರಲ್ ಮೋಟರ್ಸ್ ಭಾರತದಲ್ಲಿ ಮಾರಾಟವನ್ನೇ ನಿಲ್ಲಿಸಿತು. ಉಳಿದ ಫಾರೆಸ್ಟರುಗಳನ್ನು ಜೋಪಾನ ಮಾಡುತ್ತಿರುವವರು, ಅದಕ್ಕೆ ಒಂದಿಷ್ಟು ವೇಗ ತುಂಬಿಸಿಕೊಂಡವರು ಚಕ್ರಕ್ಕೆ ಎಲ್ಲಿ ಹೋಗಬೇಕು? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ‘ಫಾರೆಸ್ಟರ್ ಚಕ್ರ’ ಎಂದು ಕೇಳಿದರೆ ತಲೆ ಅಲ್ಲಾಡಿಸುವವರು, ‘ಐದು ಬೋಲ್ಟು, 100’ ಎಂದರೆ ಒಳಗಿನಿಂದ ಫೋಕ್ಸ್‌ವ್ಯಾಗನ್ ಪೋಲೋದ ಚಕ್ರ ತಂದಿಡಬಹುದು. ಪೋಲೋದ ಪಿಸಿಡಿಯೂ 100. ನಡುವಿನ ತೂತು 57.1, ಒಂದೇ ಮಿಲಿಮೀಟರ್ ದೊಡ್ಡದು. ಎಷ್ಟು ಚೆನ್ನಾಗಿ ಕೂರುತ್ತದೆಂದರೆ ಅನುಮಾನವೇ ಬರುವುದಿಲ್ಲ.

ಅನುಮಾನ ಬರಬೇಕಾದದ್ದು ನಟ್ಟಿನ ಮೇಲೆ. ಫೋಕ್ಸ್‌ವ್ಯಾಗನ್ ತನ್ನ ಚಕ್ರಗಳಲ್ಲಿ ಬೋಲ್ಟಿನ ತಲೆ ಕೂರುವ ಜಾಗವನ್ನು ಗುಂಡಗೆ, ಬಟ್ಟಲಿನಂತೆ ಮಾಡಿರುತ್ತದೆ. ಸುಬಾರುವಿನ ನಟ್ಟಿನ ಮುಖ 60 ಡಿಗ್ರಿಯ ಶಂಕು. ಬಟ್ಟಲಿಗೆ ಶಂಕು ಒತ್ತಿದರೆ ಅದು ತಾಗುವುದು ಕೂದಲೆಳೆಯಷ್ಟು ಅಗಲದ ಒಂದು ಗೆರೆಯಲ್ಲಿ ಮಾತ್ರ. ಟಾರ್ಕ್ ರೆಂಚ್ ‘ಟಿಕ್’ ಎಂದು ಸಾಕ್ಷಿ ಹೇಳುತ್ತದೆ, ಆದರೆ ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಆ ಗೆರೆ ಸವೆದು ನಟ್ ಸಡಿಲಗೊಳ್ಳಬಹುದು. ಪೋಲೋದ ಬೋಲ್ಟು 14 ಮಿ.ಮೀ. ದಪ್ಪ, ಸುಬಾರುವಿನ ಸ್ಟಡ್ 12. ತೂತಿನಲ್ಲಿ ಆಟ ಬೇರೆ ಇದೆ. ಅಷ್ಟೇ ಅಲ್ಲ, ಫಾರೆಸ್ಟರ್ ಪೋಲೋಗಿಂತ ತೂಕದ ಕಾರು. ಚಕ್ರದ ಬೆನ್ನಿನ ಮೇಲಿನ ತೂಕದ ಅಂಕಿಯನ್ನು ಎರಡರಿಂದ ಗುಣಿಸಿದರೆ ಬರುವುದು ಕಾರಿನ ಒಂದು ಆ್ಯಕ್ಸಲ್ ಹೊರುವ ಗರಿಷ್ಠ ಭಾರಕ್ಕಿಂತ ಕಡಿಮೆ ಇರಬಾರದು. ಗುಂಡು ಮುಖದ, ಸುಬಾರುವಿನ ಮರೆಗೆ ಹೊಂದುವ ನಟ್ ತರಿಸಿ, ಭಾರದ ಲೆಕ್ಕವೂ ಸರಿಬಂದರೆ ಮುಂದುವರಿಯಬಹುದು. ಇಲ್ಲವಾದರೆ ಶಂಕುವಿನ ಸೀಟಿರುವ ಬೇರೆ ಕಂಪನಿಯ ಚಕ್ರವೇ ವಾಸಿ.

ಕಾನೂನಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕೇರಳದ ಒಂದು ಪ್ರಕರಣದಲ್ಲಿ ಹೇಳಿತು. ಮಡ್‌ಗಾರ್ಡಿನಾಚೆ ಚಾಚಿದ ಟೈರು ಪೊಲೀಸರ ಕಣ್ಣಿಗೂ ವಿಮೆಯವರ ಕಣ್ಣಿಗೂ ಬೇಗ ಬೀಳುತ್ತದೆ.

ಎಲ್ಲ ಅಳೆದು, ಹೊಂದಿಸಿ, ಬಿಗಿದ ಮೇಲೂ ಕೆಲಸ ಉಳಿದಿರುತ್ತದೆ. ಮೊದಲು ಜ್ಯಾಕಿನ ಮೇಲಿರುವಾಗಲೇ ಕೈಯಿಂದ ಚಕ್ರ ತಿರುಗಿಸಿ ನೋಡಿ, ಎಲ್ಲೂ ಕಿರ್ರೆನ್ನಬಾರದು. ಕೆಳಗಿಳಿಸಿ ಸ್ಟೀರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಆಮೇಲೆ ಟೈರಿನ ಎರಡೂ ಭುಜಕ್ಕೆ ಸೀಮೆಸುಣ್ಣ ಬಳಿದು, ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿಕೊಂಡು, ನಿಮ್ಮ ಬಡಾವಣೆಯ ಅತಿ ಕೆಟ್ಟ ಸ್ಪೀಡ್ ಬ್ರೇಕರ್ ಹತ್ತಿಸಿ ಇಳಿಸಿ ಬನ್ನಿ. ಸುಣ್ಣ ಎಲ್ಲಿ ಅಳಿಸಿದೆಯೋ ಅಲ್ಲಿ ತಾಗುತ್ತಿದೆ ಎಂದರ್ಥ; ಒಳಭುಜದಲ್ಲಿ ಅಳಿಸಿದ್ದರೆ ಆ ಚಕ್ರವನ್ನು ಅವತ್ತೇ ಬಿಚ್ಚಿ. ಸುಣ್ಣ ಹಾಗೇ ಉಳಿದಿದ್ದರೆ ಎಂಬತ್ತು ನೂರು ಕಿಲೋಮೀಟರ್ ಓಡಿಸಿ, ಎಂಜಿನ್ ಆರಿಸಿ, ಚಕ್ರ ತಣ್ಣಗಾದ ಮೇಲೆ ಟಾರ್ಕ್ ರೆಂಚ್ ಹಿಡಿದು ಇಪ್ಪತ್ತೂ ನಟ್ಟುಗಳನ್ನು ಇನ್ನೊಮ್ಮೆ ನೋಡಿ.